ಬಲದಿಂದಲೋ ಎಡದಿಂದಲೋ

ಜೂನ್ 3

ಪ್ರೀತಿಯ ಅತ್ತೆಗೆ,

ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಬರೆಯೋಣವೆಂದರೆ ನೀವು ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ನನ್ನ ತರಬೇತಿಯೇ ಮುಗಿದುಹೋಗುತ್ತದೆ. ಅದಕ್ಕೇ ಈ ಕಾಗದ.

ಶರ್ಟಿನ ಕಾರ್ಖಾನೆ ಮುಚ್ಚಿದ ಮೇಲೆ ನಾನು ಈ ಆರು ತಿಂಗಳ ಕೋರ್ಸಿಗೆ ಸೇರಿದ್ದು ನಿಮಗೆ ಗೊತ್ತು. ಕಟ್ಟಡಗಳಲ್ಲಿ ಹೊಗೆ ಎದ್ದರೆ ಕೂಗುವ ಅಲಾರಂ ಜೋಡಿಸುವ ಕೆಲಸ. ಏಣಿ ಹತ್ತುವುದು, ತಂತಿ ಎಳೆಯುವುದು, ಸ್ಕ್ರೂ ಬಿಗಿಯುವುದು, ಎಲ್ಲದರಲ್ಲೂ ನಾನೇ ಮುಂದು. ಹದಿನಾಲ್ಕು ವರ್ಷ ಹೊಲಿಗೆ ಯಂತ್ರದಲ್ಲಿ ಪಳಗಿದ ಕೈ, ಸಣ್ಣ ಕೆಲಸಕ್ಕೆ ಹೆದರುವುದಿಲ್ಲ. ನನ್ನನ್ನು ಹೆದರಿಸುತ್ತಿರುವುದು ಬೈನರಿ ಅನ್ನುವ ಲೆಕ್ಕ.

ವಿಷಯ ಇಷ್ಟು. ಪ್ರತಿ ಕೊಠಡಿಯ ಚಾವಣಿಯಲ್ಲೂ ಹೊಗೆ ಹಿಡಿಯುವ ಒಂದು ಡಬ್ಬಿ ಇರುತ್ತದೆ. ಅದರ ಬೆನ್ನಿನಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಆರು ಸ್ವಿಚ್ಚು, ಸಾಲಾಗಿ. ಅವನ್ನು ಮೇಲೆ ಕೆಳಗೆ ಮಾಡಿ ಡಬ್ಬಿಗೆ ಅದರ ಕೊಠಡಿಯ ನಂಬರು ಕಲಿಸಬೇಕು. ಹೊಗೆ ಬಂದಾಗ ಡಬ್ಬಿ ಆ ನಂಬರನ್ನು ಮುಂಬಾಗಿಲ ಬಳಿಯ ಪ್ಯಾನೆಲ್ಲಿಗೆ ಕಳಿಸುತ್ತದೆ. ಪ್ಯಾನೆಲ್ಲು ಕೊಠಡಿಯ ಹೆಸರು ತೋರಿಸುತ್ತದೆ. ಜನ ಅಲ್ಲಿಗೆ ಓಡುತ್ತಾರೆ. ಆದರೆ ಆರೇ ಸ್ವಿಚ್ಚಿನಲ್ಲಿ ಅರವತ್ತಮೂರರವರೆಗೆ ನಂಬರು ಹೇಗೆ ಬರುತ್ತದೆ ಅತ್ತೆ? ಆರಿದ್ದರೆ ಆರರ ತನಕ ಬರಬೇಕಲ್ಲ? ಇದನ್ನು ತರಗತಿಯಲ್ಲಿ ಕೇಳಿದೆ. ಬೆಂಚಿಗೆ ಬೆಂಚೇ ನಕ್ಕಿತು.

ಎರಡು ಪರೀಕ್ಷೆ ಫೇಲಾದೆ. ಮೂರನೆಯದೂ ಹೋದರೆ ಗಂಟುಮೂಟೆ ಕಟ್ಟಿಸುತ್ತಾರೆ. ನಮ್ಮ ಮೇಡಂ ಒಳ್ಳೆಯವರೇ, ಆದರೆ ರೈಲು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಪಾಠ ಮಾಡುತ್ತಾರೆ. ನಮ್ಮ ಮನೆಯಲ್ಲಿ ಯಂತ್ರದ ವಿದ್ಯೆ ಗೊತ್ತಿರುವುದು ನಿಮಗೊಬ್ಬರಿಗೇ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜನ್ನೇ ನಡೆಸಿದವರಿಗೆ ಇದು ನೀರು ಕುಡಿದಷ್ಟು ಸುಲಭ. ಸ್ವಲ್ಪ ಬಿಡಿಸಿ ಬರೆಯಿರಿ. ಫೇಲಾದ ವಿಷಯ ಅಪ್ಪನ ಕಿವಿಗೆ ಬೀಳದಿರಲಿ.

ನಿಮ್ಮ ಗುಬ್ಬಿ


ಜೂನ್ 14

ಗುಬ್ಬೀ,

ಉತ್ತರ ತಡವಾಯಿತು. ಮೊಣಕಾಲು ನೋವು, ಅಂಚೆ ಪೆಟ್ಟಿಗೆಯ ತನಕ ನಡೆಯುವುದೇ ಕಷ್ಟವಾಗಿತ್ತು.

ನೀನು ಕೇಳಿದ್ದು ಪೆದ್ದ ಪ್ರಶ್ನೆಯಲ್ಲ. ನಕ್ಕವರಲ್ಲಿ ಎಷ್ಟು ಜನಕ್ಕೆ ಉತ್ತರ ಗೊತ್ತಿತ್ತೋ ಕೇಳು. ಈಗ ಒಂದು ಬಟ್ಟೆ ತೆಗೆದುಕೋ. ಒಮ್ಮೆ ಮಡಿಸು, ಎರಡು ಪದರ. ಇನ್ನೊಮ್ಮೆ ಮಡಿಸು, ಮೂರಲ್ಲ, ನಾಲ್ಕು. ಮತ್ತೊಮ್ಮೆ, ಎಂಟು. ಶರ್ಟು ಹೊಲಿದವಳಿಗೆ ಇದನ್ನು ನಾನು ಹೇಳಬೇಕೆ? ಒಂದೊಂದು ಸ್ವಿಚ್ಚೂ ಒಂದೊಂದು ಮಡಿಕೆ. ಆರು ಮಡಿಕೆಗೆ ಅರವತ್ತನಾಲ್ಕು ಪದರ. ಸೊನ್ನೆಯನ್ನೂ ಒಂದೆಂದು ಎಣಿಸಿದರೆ ಸೊನ್ನೆಯಿಂದ ಅರವತ್ತಮೂರು.

ಇನ್ನು ಒಂದು ನಂಬರನ್ನು ಹಾಕುವ ಬಗೆ. ಆರು ಚೀಟಿ ಮಾಡಿ ಮೇಜಿನ ಮೇಲೆ ಈ ಸಾಲಿನಲ್ಲಿಡು:

32 16 8 4 2 1

ಚಿಕ್ಕದು ಬಲಗಡೆ. ಒಂದು ಚೀಟಿಯನ್ನು ಒಂದೇ ಸಲ ಬಳಸಬಹುದು. ಈಗ 38 ಬೇಕು ಅನ್ನು. ದೊಡ್ಡದರಿಂದ ಶುರು ಮಾಡು. 32 ಹಿಡಿಸುತ್ತದೆ, ಎತ್ತಿಕೋ. ಉಳಿದದ್ದು 6. ಅದರಲ್ಲಿ 16 ಹಿಡಿಸದು, 8 ಹಿಡಿಸದು. 4 ಹಿಡಿಸುತ್ತದೆ, ಉಳಿದದ್ದು 2. ಅದಕ್ಕೆ 2ರ ಚೀಟಿ. ಮುಗಿಯಿತು, 1 ಬೇಡ. ಎತ್ತಿಕೊಂಡ ಚೀಟಿಯ ಜಾಗದಲ್ಲಿ 1 ಬರೆ, ಬಿಟ್ಟದ್ದರ ಜಾಗದಲ್ಲಿ 0 ಬರೆ:

1 0 0 1 1 0

ಇಷ್ಟೇ ಬೈನರಿ. ಇದಕ್ಕೆ ಬೆವರುವುದು ಬೇಡ. ದಿನಕ್ಕೆ ಹತ್ತು ನಂಬರು ಮಾಡು. ಬೆಳಿಗ್ಗೆ ಬಸ್ಸಿನಲ್ಲಿ ಟಿಕೆಟ್ಟಿನ ಕೊನೆಯ ಎರಡು ಅಂಕಿ ನೋಡಿ, ಅರವತ್ತಮೂರು ದಾಟದಿದ್ದರೆ ಮನಸ್ಸಿನಲ್ಲೇ ಒಡೆ. ನಮ್ಮ ಮನೆತನದ ತಲೆ ನಿನ್ನದು, ಸ್ವಲ್ಪ ಧೂಳು ಕೂತಿದೆ ಅಷ್ಟೆ.

ಅತ್ತೆ


ಜೂನ್ 20

ಅತ್ತೇ,

ಇಪ್ಪತ್ತಕ್ಕೆ ಹತ್ತೊಂಬತ್ತು! ಒಂದು ಹೋದದ್ದು ಅವಸರಕ್ಕೆ. ಮೇಡಂ ಉತ್ತರಪತ್ರಿಕೆ ಕೈಗೆ ಕೊಡುತ್ತಾ, "ಏನಮ್ಮಾ, ಯಾರಾದ್ರೂ ತಲೆ ಬದಲಾಯಿಸಿಕೊಟ್ರಾ?" ಅಂದರು. "ನಮ್ಮತ್ತೆ ಎಕ್ಸ್‌ಚೇಂಜಿನ ಎಂಜಿನಿಯರ್" ಅಂದೆ. ನನ್ನ ಪಕ್ಕ ಕೂರುವ ಕೊಕ್ಕರೆಯಣ್ಣ ನಿಮ್ಮ ಮಡಿಕೆಯ ಪಾಠವನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಿದ್ದಾರೆ. ನಲವತ್ತು ದಾಟಿದ ಮನುಷ್ಯ, ಏಣಿಯಿಲ್ಲದೆ ಚಾವಣಿ ಮುಟ್ಟುತ್ತಾರೆ, ಅದಕ್ಕೆ ಆ ಹೆಸರು. ಕರೆದರೆ ಬೇಜಾರೂ ಇಲ್ಲ.

ಮುಂದಿನ ವಾರದಿಂದ ನಿಜವಾದ ಕಟ್ಟಡ. ಒಂದು ಆಸ್ಪತ್ರೆಯ ಹೊಸ ಭಾಗ, ಇನ್ನೂ ರೋಗಿಗಳು ಬಂದಿಲ್ಲ. ಮೊದಲ ಮಹಡಿಯ ಇಪ್ಪತ್ತು ಕೊಠಡಿ, 31ರಿಂದ 50, ನನ್ನ ಪಾಲಿಗೆ. ಕೊಠಡಿಗಳ ಹೆಸರಿನ ಪಟ್ಟಿಯನ್ನು ಪ್ಯಾನೆಲ್ಲಿಗೆ ತುಂಬುವುದು ಕೊಕ್ಕರೆಯಣ್ಣನ ಕೆಲಸ.

ಒಂದು ಅನುಮಾನ ಇದೆ. ಡಬ್ಬಿಯ ಸ್ವಿಚ್ಚುಗಳ ಕೆಳಗೆ ಎಡದಿಂದ ಬಲಕ್ಕೆ 1, 2, 3, 4, 5, 6 ಅಂತ ಅಚ್ಚು ಹಾಕಿದ್ದಾರೆ. ನಿಮ್ಮ ಚೀಟಿಯ ಸಾಲಿನಲ್ಲಿ ಚಿಕ್ಕದು ಬಲಗಡೆ. ಹಾಗಾದರೆ ಸ್ವಿಚ್ಚಿನಲ್ಲಿ ಚಿಕ್ಕದು ಯಾವ ಕಡೆ? ಮೇಡಂ ಹೇಳಿದ್ದಾರಂತೆ, ನಾನು ಆಗ ಹತ್ತೊಂಬತ್ತರ ಖುಷಿಯಲ್ಲಿ ತೇಲುತ್ತಿದ್ದೆ. ಮತ್ತೆ ಕೇಳಿದರೆ ಬೆಂಚು ನಗುತ್ತದೆ.

ಗುಬ್ಬಿ


ಜೂನ್ 25

ಗುಬ್ಬೀ,

ಹತ್ತೊಂಬತ್ತು ಅಂಕ ಓದಿ ಎರಡು ದಿನ ಊಟ ರುಚಿಸಿತು.

ನಿನ್ನ ಅನುಮಾನಕ್ಕೆ: ಆ ಅಚ್ಚು ಹಾಕಿದ ಅಂಕಿಗಳು ಬಸ್ಸಿನ ಸೀಟಿನ ನಂಬರಿನ ಹಾಗೆ, ಎಣಿಸುವುದಕ್ಕೆ ಮಾತ್ರ. ಅವಕ್ಕೆ ಬೆಲೆಯಿಲ್ಲ. ಸಂಖ್ಯೆ ಯಾವಾಗಲೂ ಬಲದಿಂದ ಬೆಳೆಯುತ್ತದೆ, ಬಿಡಿಸ್ಥಾನ ಬಲಗಡೆ, ಹತ್ತರ ಸ್ಥಾನ ಅದರ ಎಡಕ್ಕೆ. ಬೈನರಿಯಲ್ಲೂ ಅಷ್ಟೆ, ಸ್ವಿಚ್ಚಿನಲ್ಲೂ ಅಷ್ಟೆ. ಎಕ್ಸ್‌ಚೇಂಜಿನಲ್ಲಿ ಇಂಥವು ಸಾವಿರ ನೋಡಿದ್ದೇನೆ. ಕಣ್ಣುಮುಚ್ಚಿ ಹಾಕು.

ಅತ್ತೆ


ಜುಲೈ 8

ಪ್ರೀತಿಯ ಅತ್ತೆಗೆ,

ನಿಮ್ಮ ಮೊಣಕಾಲು ಹೇಗಿದೆ? ಇಲ್ಲಿ ಎಲ್ಲ ಕ್ಷೇಮ.

ಇಪ್ಪತ್ತು ಡಬ್ಬಿಯನ್ನೂ ಮೂರೇ ದಿನದಲ್ಲಿ ಏರಿಸಿದೆ, ತಂಡದಲ್ಲಿ ನಾನೇ ಮೊದಲು ಮುಗಿಸಿದ್ದು. ನಿನ್ನೆ ಪರೀಕ್ಷೆಯಾಯಿತು. ಮೇಡಂ ಉದ್ದ ಕೋಲಿನ ತುದಿಗೆ ಕೃತಕ ಹೊಗೆ ಸಿಕ್ಕಿಸಿ ಒಂದೊಂದು ಡಬ್ಬಿಗೂ ಹಿಡಿದರು. ನಾವು ಕೆಳಗೆ ಪ್ಯಾನೆಲ್ಲಿನ ಮುಂದೆ ನಿಂತಿದ್ದೆವು. 40ನೇ ಕೊಠಡಿಯಲ್ಲಿ ಹೊಗೆ ಹಿಡಿದರೆ ಪ್ಯಾನೆಲ್ಲು 5ನೇ ನಂಬರು, ನೆಲಮಹಡಿಯ ಉಗ್ರಾಣ ಎಂದಿತು. ನೆಲಮಹಡಿಗೆ ನಾವಿನ್ನೂ ತಂತಿಯನ್ನೇ ಎಳೆದಿಲ್ಲ! 31ರಲ್ಲಿ ಹಿಡಿದರೆ 62 ಎಂದಿತು. ಇಪ್ಪತ್ತರಲ್ಲಿ ಸರಿ ಬಂದದ್ದು ಎರಡೇ, 33 ಮತ್ತು 45.

ಕೊಕ್ಕರೆಯಣ್ಣ ಪಟ್ಟಿ ತುಂಬುವಾಗ ನಂಬರು, ಹೆಸರುಗಳನ್ನು ಕಲಸಿಬಿಟ್ಟಿದ್ದಾರೆ ಎಂದು ಮೇಡಂ ಎಲ್ಲರೆದುರು ಬೈದರು. ಅವರು, "ಮೂರು ಸಲ ನೋಡಿದೀನಿ ಮೇಡಂ" ಅಂದರು. ಈಗ ಅವರನ್ನು ಪ್ಯಾನೆಲ್ಲಿನಿಂದ ಬಿಡಿಸಿ ಪೆಟ್ಟಿಗೆ ಹೊರುವುದಕ್ಕೆ ಹಾಕಿದ್ದಾರೆ. ಪಟ್ಟಿಯನ್ನು ಬೇರೆಯವರು ಮೊದಲಿನಿಂದ ತುಂಬಬೇಕು.

ನನ್ನ ಕೆಲಸಕ್ಕೆ ಯಾರೂ ಏನೂ ಅನ್ನಲಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ, ಆ ಬಲಗಡೆಯ ವಿಷಯ ಖಂಡಿತ ತಾನೆ?

ಗುಬ್ಬಿ


ಜುಲೈ 13

ಅತ್ತೆ,

ನಿಮ್ಮ ಉತ್ತರ ಬರುವ ತನಕ ತಡೆಯಲಾಗಲಿಲ್ಲ. ಊಟದ ಬಿಡುವಿನಲ್ಲಿ ಒಂದು ರಟ್ಟಿನ ಮೇಲೆ ಸರಿ ಬಂದ ಎರಡು ನಂಬರುಗಳನ್ನು ಬೈನರಿಯಲ್ಲಿ ಬರೆದೆ.

33: 1 0 0 0 0 1
45: 1 0 1 1 0 1

ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಆಮೇಲೆ 40 ಬರೆದೆ, 1 0 1 0 0 0. ತಿರುಗಿಸಿ ಓದಿದರೆ 0 0 0 1 0 1, ಅಂದರೆ 5. ಪ್ಯಾನೆಲ್ಲು ತೋರಿಸಿದ್ದು ಅದೇ. 31 ತಿರುಗಿಸಿದರೆ 62. ಒಂದನ್ನೂ ಬಿಡದೆ ಹದಿನೆಂಟನ್ನೂ ಮಾಡಿ ನೋಡಿದೆ.

ಪಟ್ಟಿ ಸರಿಯಾಗಿದೆ. ಪ್ಯಾನೆಲ್ಲು ಸರಿಯಾಗಿದೆ. ಸ್ವಿಚ್ಚಿನಲ್ಲಿ ಚಿಕ್ಕದು ಎಡಗಡೆ ಅತ್ತೆ. ನಾನು ಹದಿನೆಂಟು ಡಬ್ಬಿಗೆ ಸುಳ್ಳು ನಂಬರು ಕಲಿಸಿದ್ದೇನೆ.

ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನನ್ನು ಕಳಿಸಿಬಿಡಬಹುದು. ಕೊಕ್ಕರೆಯಣ್ಣ ಪೆಟ್ಟಿಗೆ ಹೊತ್ತುಕೊಂಡು ನನ್ನ ಮುಂದೆಯೇ ಹಾದುಹೋಗುತ್ತಾರೆ, "ಊಟ ಆಯ್ತಾ ತಂಗೀ?" ಅನ್ನುತ್ತಾರೆ. ನಾನು ಆ ರಟ್ಟನ್ನು ಬೋರಲು ಹಾಕುತ್ತೇನೆ. ಏನು ಮಾಡಲಿ? ಬೇಗ ಬರೆಯಿರಿ.

ಗುಬ್ಬಿ


ಜುಲೈ 23

ಅತ್ತೆ,

ಹತ್ತು ದಿನವಾದರೂ ನಿಮ್ಮಿಂದ ಒಂದಕ್ಷರ ಇಲ್ಲ. ನೀವು ಹೇಳಿಕೊಟ್ಟದ್ದೇ ತಪ್ಪು ಎಂದು ನಾನು ಬರೆದದ್ದು ನಿಮಗೆ ನೋವಾಗಿರಬೇಕು. ದೊಡ್ಡವರ ಮುಂದೆ ನಾಲಿಗೆ ಉದ್ದ ಮಾಡಿದೆ, ಕ್ಷಮಿಸಿ. ನಿಮ್ಮ ಎಕ್ಸ್‌ಚೇಂಜಿನ ಸ್ವಿಚ್ಚುಗಳು ಬೇರೆ ಥರ ಇದ್ದಿರಬಹುದು.

ನಿಮ್ಮ ಉತ್ತರಕ್ಕೆ ಕಾಯುವುದನ್ನು ನಿನ್ನೆ ನಿಲ್ಲಿಸಿದೆ. ಮೇಡಂ ಕೋಣೆಗೆ ಹೋಗಿ ನಿಂತೆ.

"ಮೇಡಂ, ಪಟ್ಟಿ ಸರಿಯಾಗೇ ಇದೆ. ತಪ್ಪು ನಂದು. ಸ್ವಿಚ್ಚು ಉಲ್ಟಾ ಎಣಿಸಿದೀನಿ, ಹದಿನೆಂಟೂ."

"ನೀನು ಹಾಕಿದ್ದು ಇಪ್ಪತ್ತಲ್ವಾ?"

"ಎರಡು ಯಾವ ಕಡೆಯಿಂದ ಓದಿದ್ರೂ ಒಂದೇ. ಅದಕ್ಕೇ ಅವು ಸರಿ ಬಂದಿವೆ."

ಅವರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ 33 ಬರೆದರು, 45 ಬರೆದರು, 40 ಬರೆದು ತಿರುಗಿಸಿದರು.

"ಒಂದು ಡಬ್ಬಿ ಬಿಚ್ಚಿ ನೋಡಿದ್ರೆ ನನಗೇ ಗೊತ್ತಾಗ್ತಿತ್ತು. ನೋಡದೆ ಅವರ ಮೇಲೆ ಹಾಕ್ದೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇದು ನಿನಗೆ ಯಾವಾಗ ಗೊತ್ತಾಯ್ತು?"

"ಒಂಬತ್ತು ದಿನ ಆಯ್ತು."

"ಸ್ವಿಚ್ಚು ತಿರುಗಾಮುರುಗಾ ಮಾಡೋದು ತಪ್ಪು. ತಪ್ಪು ತಿದ್ದಬಹುದು. ಒಂಬತ್ತು ದಿನ ಇನ್ನೊಬ್ಬರ ತಲೆ ಮೇಲೆ ಪೆಟ್ಟಿಗೆ ಹೊರಿಸಿದ್ದನ್ನ ಹೇಗೆ ತಿದ್ದುತೀಯ?"

"ನೀವೇ ಹೇಳಿ ಮೇಡಂ" ಅಂದೆ. "ಅವರನ್ನೇ ಹೋಗಿ ಕೇಳು" ಅಂದರು.

ಕೊಕ್ಕರೆಯಣ್ಣ ಉಗ್ರಾಣದಲ್ಲಿದ್ದರು. ಹೇಳಿದೆ, ಒಂದನ್ನೂ ಮುಚ್ಚದೆ. ಅವರು ಪೆಟ್ಟಿಗೆ ಕೆಳಗಿಟ್ಟು ಅದರ ಮೇಲೇ ಕೂತರು. "ಎಲ್ಲರೂ ತಪ್ಪು ತಪ್ಪು ಅಂದಾಗ ನಂಗೂ ನನ್ನ ಮೇಲೇ ಅನುಮಾನ ಬಂದಿತ್ತು ಕಣಮ್ಮ. ಹೆಂಡತಿ ಹತ್ರ ಹೇಳ್ದೆ, ನನಗೆ ವಯಸ್ಸಾಯ್ತು, ಇದು ನನ್ನ ಕೈಲಾಗಲ್ಲ ಅಂತ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ಹೇಳಿ ಎದ್ದುಹೋದರು.

ಇವತ್ತು ಬೆಳಿಗ್ಗೆ ನಾನೊಬ್ಬಳೇ ಡಬ್ಬಿಗಳನ್ನು ಇಳಿಸಲು ಶುರು ಮಾಡಿದೆ. ಮೂರನೇ ಕೊಠಡಿಗೆ ಬರುವಷ್ಟರಲ್ಲಿ ಯಾರೋ ಏಣಿ ಹಿಡಿದುಕೊಂಡ ಹಾಗಾಯಿತು. ಕೆಳಗೆ ನೋಡಿದೆ, ಕೊಕ್ಕರೆಯಣ್ಣ. ಸಂಜೆಯ ತನಕ ಹಿಡಿದುಕೊಂಡೇ ಇದ್ದರು. ಹೋಗುವಾಗ, "ನಾಳೆ ಎಂಟಕ್ಕೇ ಬಾ" ಅಂದರು ಅಷ್ಟೆ.

ನನ್ನನ್ನು ಇಟ್ಟುಕೊಂಡಿದ್ದಾರೆ ಅತ್ತೆ. ನೀವು ಮಾತ್ರ ಸಿಟ್ಟು ಬಿಡಬೇಕು.

ಗುಬ್ಬಿ


ಜುಲೈ 24

ಗುಬ್ಬೀ,

ಇದು ನಿನ್ನ ಹದಿಮೂರರ ಕಾಗದಕ್ಕೆ ಉತ್ತರ. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕಬೇಕು.

ನಾನು ಎಂಜಿನಿಯರ್ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನು, ಮುಂದೆ ತೂತುಗಳ ಹಲಗೆ. ಜನ ನಂಬರು ಕೇಳುತ್ತಿದ್ದರು, ನಾನು ತಂತಿ ಚುಚ್ಚುತ್ತಿದ್ದೆ. ಹಲಗೆಯ ಹಿಂದೆ ಏನಿದೆ ಎಂದು ಮೂವತ್ತು ವರ್ಷದಲ್ಲಿ ಒಂದು ದಿನವೂ ನೋಡಲಿಲ್ಲ. ಆ ಕಡೆಯ ಬಾಗಿಲಿಗೆ ಬೀಗ ಇರುತ್ತಿತ್ತು. ಒಮ್ಮೆ ಯಾರೋ ನೆಂಟರು, "ಯಂತ್ರ ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?" ಅಂತ ಕೇಳಿದರು. "ನಾವೇ" ಅಂದೆ, ನಮ್ಮ ಆಫೀಸಿನವರೇ ಎಂಬ ಅರ್ಥದಲ್ಲಿ. ನಿಮ್ಮಜ್ಜಿ ಅದನ್ನು "ನಾನೇ" ಮಾಡಿದಳು. ಕೇಳಲು ಹಿತವಾಗಿತ್ತು, ತಿದ್ದಲಿಲ್ಲ. ಆಮೇಲೆ ತಿದ್ದುವ ಕಾಲ ದಾಟಿಹೋಯಿತು.

ನಿನ್ನ ಮೊದಲ ಕಾಗದ ಬಂದಾಗ ಬೈನರಿ ಅನ್ನುವ ಮಾತನ್ನೇ ನಾನು ಕೇಳಿರಲಿಲ್ಲ. ಮೊಣಕಾಲು ಚೆನ್ನಾಗಿಯೇ ಇತ್ತು. ದಿನಾ ಗ್ರಂಥಾಲಯಕ್ಕೆ ನಡೆದುಹೋಗಿ ಮಕ್ಕಳ ವಿಭಾಗದ ಪುಟ್ಟ ಕುರ್ಚಿಯಲ್ಲಿ ಕೂತು ಕಲಿತೆ. ಗ್ರಂಥಾಲಯ ನೋಡಿಕೊಳ್ಳುವಾಕೆ "ಮೊಮ್ಮಕ್ಕಳಿಗಾ?" ಅಂತ ಚೀಟಿಯಲ್ಲಿ ಬರೆದು ತೋರಿಸಿದಳು. ಹೂಂ ಎಂದು ತಲೆಯಾಡಿಸಿದೆ, ಅದೂ ಸುಳ್ಳು. ಆದರೆ ಮಡಿಕೆಯ ಉಪಾಯ ಪುಸ್ತಕದ್ದಲ್ಲ, ನನ್ನದೇ. ಚೀಟಿ ಎತ್ತಿ ಎತ್ತಿ ಮೊದಲ ಸಲ 38 ಬಂದಾಗ ನಾನೊಬ್ಬಳೇ ಕೂತು ಚಪ್ಪಾಳೆ ತಟ್ಟಿದೆ, ಗ್ರಂಥಾಲಯ ಎನ್ನುವುದನ್ನೂ ಮರೆತು.

ಸ್ವಿಚ್ಚಿನ ವಿಷಯ ನೀನು ಕೇಳಿದಾಗ ಪುಸ್ತಕದಲ್ಲಿ ಅದಿರಲಿಲ್ಲ. ಗೊತ್ತಿಲ್ಲ ಎಂದು ಬರೆಯಬೇಕಿತ್ತು, ಮೂರೇ ಅಕ್ಷರ. ಅದರ ಬದಲು ಸಾವಿರ ನೋಡಿದ್ದೇನೆ ಎಂದು ಬರೆದೆ. ಒಂದನ್ನೂ ನೋಡಿರಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಅಂಥ ಸ್ವಿಚ್ಚು ತೋರಿಸಿ ಎಂದೆ. ಅಂಗಡಿಯವನು ಏನೋ ಕೂಗಿ ಹೇಳಿದ, ಬರೆದುಕೊಡಿ ಎಂದೆ. ಡಬ್ಬದ ರಟ್ಟಿನ ಮೇಲೆ ಬರೆದುಕೊಟ್ಟ: "ಒಂದನೇ ಸ್ವಿಚ್ಚಿನ ಬೆಲೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು." ಅವನಿಗೆ ಒಂದು ನಿಮಿಷ ಹಿಡಿಯಿತು. ಮನೆಗೆ ಬಂದು ನಾಲ್ಕೈದು ದಿನ ಪೆನ್ನು ಮುಟ್ಟಲಾಗಲಿಲ್ಲ.

ಇವತ್ತೇ ಹೋಗಿ ನಿನ್ನ ಮೇಡಂಗೆ ಹೇಳು. ಈ ಕಾಗದ ತೋರಿಸು. ತಪ್ಪಿನ ಬೇರು ನಾನು. ಆ ಉದ್ದನೆಯ ಮನುಷ್ಯನಿಗೂ ತೋರಿಸು. ನನ್ನ ಮೇಲಿನ ಗೌರವಕ್ಕೆ ಹಿಂಜರಿಯಬೇಡ.

ಅತ್ತೆ


ಆಗಸ್ಟ್ 1

ಅತ್ತೇ,

ನಮ್ಮಿಬ್ಬರ ಕಾಗದ ದಾರಿಯಲ್ಲಿ ಎದುರುಬದುರಾಗಿ ದಾಟಿವೆ. ನೀವು ಹೇಳು ಎಂದು ಬರೆಯುವ ಮೊದಲೇ ನಾನು ಹೇಳಿ ಆಗಿತ್ತು. ಅದಕ್ಕೇ ನಿಮ್ಮ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಸ್ವಿಚ್ಚು ತಿರುಗಿಸಿದ ಬೆರಳು ನನ್ನದು. ಕೇಳಿದರೆ ನಗುತ್ತಾರೆ ಎಂದು ಬಾಯಿ ಮುಚ್ಚಿಕೊಂಡವಳೂ ನಾನೇ.

ಸಿಟ್ಟು ಬಂದಿದೆ, ಇಲ್ಲವೆನ್ನುವುದಿಲ್ಲ. "ಕಣ್ಣುಮುಚ್ಚಿ ಹಾಕು" ಎಂದಿರಲ್ಲ, ಅದನ್ನು ನೆನೆದಾಗಲೆಲ್ಲ ಬರುತ್ತದೆ. ಆದರೆ ಮಕ್ಕಳ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗಿಸಿ ಕೂತು ನನಗೋಸ್ಕರ ಅಷ್ಟೊಂದು ದಿನ ಕಲಿತಿರಲ್ಲ, ಅದನ್ನು ನೆನೆದಾಗ ಸಿಟ್ಟು ಎಲ್ಲಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಎಂಜಿನಿಯರಿಗೆ ಕಲಿಸುವುದು ಕಷ್ಟವೇನಲ್ಲ. ಗೊತ್ತಿಲ್ಲದವರು ಕಲಿತು ಕಲಿಸಿದ್ದಕ್ಕೇ ನನ್ನ ತಲೆಗೆ ಹತ್ತಿತು ಅನ್ನಿಸುತ್ತದೆ.

ಇಪ್ಪತ್ತೂ ಡಬ್ಬಿ ಸರಿಯಾಯಿತು. ಮತ್ತೆ ಹೊಗೆ ಹಿಡಿದರು. ಈ ಸಲ ಪ್ಯಾನೆಲ್ಲಿನ ಮುಂದೆ ನಿಂತು ಒಂದೊಂದೇ ಓದಿ ಹೇಳಿದವರು ಕೊಕ್ಕರೆಯಣ್ಣ. ಇಪ್ಪತ್ತಕ್ಕೆ ಇಪ್ಪತ್ತು. ಮೇಡಂ ತರಗತಿಯಲ್ಲಿ ಎಲ್ಲರೆದುರು ಅವರ ಕ್ಷಮೆ ಕೇಳಿದರು. ನಾನೂ ಎದ್ದು ನಿಂತು ಕೇಳಿದೆ. ಬೆಂಚು ಈ ಸಲ ನಗಲಿಲ್ಲ.

ಇನ್ನು ಮುಂದೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಬರೆಯೋಣ.

ಗುಬ್ಬಿ


ಸೆಪ್ಟೆಂಬರ್ 16

ಪ್ರೀತಿಯ ಅತ್ತೆಗೆ,

ಆಸ್ಪತ್ರೆಯ ಹೊಸ ಭಾಗ ತೆರೆದು ಮೂರು ವಾರವಾಯಿತು. ನಿನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾವು ನೆಲಮಹಡಿಯಲ್ಲಿ ಉಳಿದ ಕೆಲಸ ಮಾಡುತ್ತಿದ್ದಾಗ ಅಲಾರಂ ಕೂಗಿತು. ಪರೀಕ್ಷೆಯಲ್ಲ, ನಿಜದ್ದು.

ಪ್ಯಾನೆಲ್ಲಿನ ಬಳಿ ಓಡಿದೆ. ಕರ್ತವ್ಯದಲ್ಲಿದ್ದ ನರ್ಸಮ್ಮ ಆಗಲೇ ಅಲ್ಲಿದ್ದರು. ಪರದೆಯ ಮೇಲೆ ಎರಡೇ ಸಾಲು: 41, ಇಸ್ತ್ರಿ ಕೋಣೆ. ಅವರು ನನ್ನ ಮುಖ ನೋಡಿ, "ಇದನ್ನ ನಂಬಬಹುದಾ?" ಅಂದರು.

"ನಂಬಿ. ಅದನ್ನ ಹಾಕಿದ್ದು ನಾನು" ಅಂದೆ.

ಅವರು ಮೆಟ್ಟಿಲು ಹಾರಿ ಹೋದರು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಾನು ಹಿಂದೆ. ಯಾರೋ ಇಸ್ತ್ರಿಪೆಟ್ಟಿಗೆಯನ್ನು ಹಾಸಿಗೆ ಬಟ್ಟೆಗಳ ರಾಶಿಯ ಮೇಲೆ ಮರೆತು ಹೋಗಿದ್ದರು. ರಾಶಿಯ ನಡುವೆ ಕೆಂಪಗೆ ಕಾಣುತ್ತಿತ್ತು. ಪ್ಲಗ್ ಕಿತ್ತೆ, ಅವರು ನನ್ನ ಕೈಯಿಂದ ಸಿಲಿಂಡರ್ ತೆಗೆದುಕೊಂಡು ಒತ್ತಿದರು. ಹತ್ತಿಪ್ಪತ್ತು ಬಟ್ಟೆ ಸುಟ್ಟವು, ಗೋಡೆ ಕಪ್ಪಾಯಿತು. ಪಕ್ಕದ ವಾರ್ಡಿನಲ್ಲಿ ಇಬ್ಬರು ಅಜ್ಜಿಯಂದಿರನ್ನು ಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದರು, ಅಷ್ಟೆ.

ನೀವು ಲೆಕ್ಕ ಹಾಕುವ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಹಾಗೇ ಇದ್ದಿದ್ದರೆ 41 ಉಲ್ಟಾ ಆಗಿ 37 ಬರುತ್ತಿತ್ತು. ಅದು ಕಾರಿಡಾರಿನ ಇನ್ನೊಂದು ತುದಿ. ಅಲ್ಲಿ ಹುಡುಕಿ, ಏನೂ ಕಾಣದೆ, ಸುಳ್ಳು ಅಲಾರಂ ಎಂದುಕೊಂಡು ಇಳಿದುಬರುತ್ತಿದ್ದರು.

ಮಧ್ಯಾಹ್ನ ಮೇಡಂ ಬಂದು ಕೋಣೆ ನೋಡಿದರು. ಚಾವಣಿಯ ಡಬ್ಬಿಯನ್ನು ಬಿಚ್ಚಿ ಅದರ ಬೆನ್ನು ನೋಡಿ, ತಮ್ಮ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಏನೋ ಬರೆದುಕೊಂಡರು. "ಮುಂದಿನ ಕಟ್ಟಡ ನೀನೂ ಕೊಕ್ಕರೆಯೂ ನೋಡ್ಕೊಳ್ಳಿ. ನಾನು ಕೊನೇ ದಿನ ಬರ್ತೀನಿ" ಅಂದರು.

ಕೋರ್ಸಿನ ಸರ್ಟಿಫಿಕೇಟು ಅಕ್ಟೋಬರ್ 30ಕ್ಕೆ. ಮನೆಯವರು ಬರಬಹುದಂತೆ.

ಗುಬ್ಬಿ


ಸೆಪ್ಟೆಂಬರ್ 24

ಗುಬ್ಬೀ,

ನೀನು ಹೇಳುವ ಮೊದಲೇ ಲೆಕ್ಕ ಹಾಕಿದ್ದೆ. 41 ಎಂದು ಓದಿದ ಕೂಡಲೇ ಕಾಗದ ಕೆಳಗಿಟ್ಟು ತಿರುಗಿಸಿ ನೋಡಿದೆ. 37 ಬಂತು. ಆಮೇಲೆ ಮುಂದಿನ ಸಾಲು ಓದುವ ಧೈರ್ಯ ಬರಲು ಒಂದು ಲೋಟ ನೀರು ಬೇಕಾಯಿತು.

ನಿನ್ನ ಕಾಗದ ಬಂದ ಮೇಲಿನ ಭಾನುವಾರ ನಿಮ್ಮ ಮನೆಗೆ ಹೋದೆ. ಊಟವಾದ ಮೇಲೆ ನಿಮ್ಮಪ್ಪ, ಅಮ್ಮ, ಎಲ್ಲರನ್ನೂ ಕೂರಿಸಿ ಹೇಳಿದೆ: ನಾನು ಎಂಜಿನಿಯರ್ ಅಲ್ಲ, ಆಪರೇಟರ್ ಆಗಿದ್ದವಳು. ಹೇಳುವಾಗ ನನ್ನ ಧ್ವನಿ ನನಗೇ ಕೇಳದಿದ್ದದ್ದು ಒಳ್ಳೆಯದೇ ಆಯಿತು. ನಿಮ್ಮಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ನಿಮ್ಮಪ್ಪ ಮಾತ್ರ ಅಲ್ಲಾಡಲಿಲ್ಲ. ಪೇಪರಿನ ಅಂಚಿನಲ್ಲಿ ಬರೆದು ನನ್ನ ಕಡೆ ತಳ್ಳಿದ: "ಗೊತ್ತಿತ್ತು ಅಕ್ಕ. ನಿನ್ನ ಕೆಲಸದ ಆರ್ಡರನ್ನ ಅಂಚೆಯವರ ಕೈಯಿಂದ ತಗೊಂಡಿದ್ದು ನಾನೇ ಅಲ್ವಾ. ಆಪರೇಟರ್ ಅಂತ ದಪ್ಪಕ್ಷರದಲ್ಲಿತ್ತು."

"ಮತ್ತೆ ಇಷ್ಟು ವರ್ಷ ಯಾಕೋ ಸುಮ್ನಿದ್ದೆ?" ಅಂದೆ.

ಅವನು ಇನ್ನೊಂದು ಸಾಲು ಬರೆದ: "ನಮ್ಮಕ್ಕ ಎಂಜಿನಿಯರ್ ಅಂತ ಹೇಳ್ಕೊಂಡು ತಿರುಗೋಕೆ ನನಗೂ ಚೆನ್ನಾಗಿತ್ತು."

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ. ನಿಮ್ಮಮ್ಮ ಪೇಪರಿನ ಆ ಅಂಚನ್ನು ಹರಿದು ನನ್ನ ಚೀಲಕ್ಕೆ ಹಾಕಿದಳು.

ಮೂವತ್ತಕ್ಕೆ ನಾನೊಬ್ಬಳೇ ಬರುತ್ತಿದ್ದೇನೆ. ನಿಮ್ಮಪ್ಪ ಅಮ್ಮ ಆಮೇಲೆ ಬಸ್ಸಿನಲ್ಲಿ ಬರಲಿ, ಅವರದು ಹೊರಡುವುದೇ ಒಂದು ದೊಡ್ಡ ಕಥೆ. ಕೊಕ್ಕರೆಯಣ್ಣನ ಜೊತೆ ನನಗೆ ಸ್ವಲ್ಪ ಮಾತಿದೆ. ಅದನ್ನು ಕಾಗದದಲ್ಲಿ ಮುಗಿಸುವುದು ಸರಿಯಲ್ಲ, ಮುಖ ನೋಡಿ ಹೇಳಬೇಕು. ಅವರ ಉತ್ತರವನ್ನು ನೀನು ಬರೆದು ತೋರಿಸು, ಮೆತ್ತಗೆ ಮಾಡದೆ ಅವರು ಹೇಳಿದ ಹಾಗೇ.

ರೈಲು ಹತ್ತೂವರೆಗೆ ಬರುತ್ತದೆ. ನನ್ನ ಬೋಗಿ ಮುಂದೋ ಹಿಂದೋ, ಗೊತ್ತಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಕೂಗಬೇಡ, ಕೇಳಿಸುವುದಿಲ್ಲ. ಎಲ್ಲಿದ್ದೀಯೋ ಅಲ್ಲೇ ಕೈ ಎತ್ತಿ ನಿಂತುಕೋ. ನಾನೇ ಹುಡುಕಿಕೊಂಡು ಬರುತ್ತೇನೆ.

ಅತ್ತೆ